ಹಳದಿ ಪುಸ್ತಕದಲ್ಲಿ ನನ್ನ ಅಕ್ಷರ

ಆ ದಿನ ಬೆಳಿಗ್ಗೆಯೂ ನಾನು ಮೊದಲು ಮಾಡಿದ್ದು ನೀರು ಸೋಸುವ ಕೆಲಸವನ್ನೇ. ಬಾವಿಯಿಂದ ಸೇದಿದ ನೀರನ್ನು ತಾಮ್ರದ ಕೊಡದ ಬಾಯಿಗೆ ಕಟ್ಟಿದ ಎರಡು ಮಡಿಕೆಯ ಬಟ್ಟೆಯ ಮೇಲೆ ನಿಧಾನವಾಗಿ ಸುರಿಯಬೇಕು. ಆಮೇಲೆ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದದ್ದನ್ನು ಸೋಸಿದ ನೀರಿನಿಂದಲೇ ಜಾಲಿಸಿ ಮತ್ತೆ ಅದೇ ಬಾವಿಗೆ ಬಿಡಬೇಕು. ಕಣ್ಣಿಗೆ ಕಾಣದ ಜೀವವೂ ತನ್ನ ನೀರಿಗೆ ಮರಳಲಿ ಎನ್ನುವುದು ನಮ್ಮ ಜೈನರ ಮನೆಗಳ ಕ್ರಮ. ಬೆಳ್ತಂಗಡಿಯ ಹತ್ತಿರ ಲಾಯಿಲದ ತವರಿನಲ್ಲಿ ಅಜ್ಜಿ ಕಲಿಸಿದ್ದು. ಬಂಟ್ವಾಳ ಪೇಟೆಯ ಡಾಕ್ಟರರ ಹೆಂಡತಿಯಾಗಿ ಬಂದು ಹತ್ತು ವರ್ಷವಾಗಿದ್ದರೂ ನಾನು ಅದನ್ನು ಬಿಟ್ಟಿರಲಿಲ್ಲ.

ಆ ದಿನ ಹಗ್ಗ ಎಳೆಯಲು ತಂಗಿ ಜೊತೆಗಿದ್ದಳು. ಬಟ್ಟೆ ಮಗುಚುವುದನ್ನು ನೋಡುತ್ತಾ ಕೇಳಿದಳು:

"ಅಕ್ಕ, ಹಡಗಿನಲ್ಲಿ ನೀರು ಸೋಸಿದ ಮೇಲೆ ಉಳಿದದ್ದನ್ನು ಎಲ್ಲಿ ಬಿಡುವುದು? ಸಮುದ್ರಕ್ಕೆ ಬಿಟ್ಟರೆ ಉಪ್ಪಿಗೆ ಸತ್ತುಹೋಗ್ತವಲ್ಲ?"

"ಅದನ್ನು ನಿನ್ನ ಅತ್ತೆಯವರ ಹತ್ತಿರ ಕೇಳಿಕೊಂಡು ಬರಬೇಕಿತ್ತು, ಮಾರಾಯ್ತಿ."

"ಕೇಳಿದೆ. ಹಡಗೇ ಹತ್ತಬೇಡ ಅಂತ ಹೇಳಿಯಾರು ಅಂತ ಅರ್ಧದಲ್ಲೇ ಬಿಟ್ಟೆ."

ಇಬ್ಬರೂ ನಕ್ಕೆವು. ನಮ್ಮ ನಡುವೆ ಅಂಥ ನಗು ಆಮೇಲೆ ಬಹಳ ಕಾಲ ಬರಲಿಲ್ಲ. ಆದ್ದರಿಂದ ಆ ಬಾವಿಕಟ್ಟೆ, ಒದ್ದೆಯಾದ ಅವಳ ಸೆರಗಿನ ತುದಿ, ಎಲ್ಲ ಹಾಗೆಯೇ ನೆನಪಿದೆ.

ತಂಗಿ ನನಗಿಂತ ಆರು ವರ್ಷ ಚಿಕ್ಕವಳು. ಅವಳನ್ನು ಮೂಡಬಿದಿರೆಯ ಒಂದು ದೊಡ್ಡ ಮನೆಗೆ ಕೊಟ್ಟಿದ್ದರು. ಗಂಡ ಆಫ್ರಿಕಾದ ಮೊಂಬಾಸಾದಲ್ಲಿ ಹತ್ತಿ ವ್ಯಾಪಾರದ ಕಂಪನಿಯೊಂದರಲ್ಲಿ ಗುಮಾಸ್ತ. ಮದುವೆಯಾಗಿ ಕೆಲವೇ ತಿಂಗಳಲ್ಲಿ ಅವನು ಹೊರಟುಹೋದ. ಮಗು ಹುಟ್ಟಿದ್ದು ಆಮೇಲೆ. ಮೂರೂವರೆ ವರ್ಷದ ಆ ಹುಡುಗಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಒಂದು ಪಟ. ಈಗ ಅವನು ಹೆಂಡತಿ ಮಗುವಿಗೆ ಟಿಕೇಟು ಕಳಿಸಿದ್ದ. ಹಿಂದಿನ ಸಂಜೆ ಅವರಿಬ್ಬರೂ ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ನಮ್ಮಲ್ಲಿಗೆ ಬಂದಿದ್ದರು. ಆ ದಿನ ನಾಲ್ಕು ಗಂಟೆಯ ಬಸ್ಸಿಗೆ ಮಂಗಳೂರು, ಮರುದಿನ ಬಂದರಿನಿಂದ ಬೊಂಬಾಯಿಯ ಹಡಗು. ಬೊಂಬಾಯಿಯಲ್ಲಿ ಗಂಡನ ಸಂಬಂಧಿಕರ ಮನೆಯಲ್ಲಿ ಹತ್ತು ಹನ್ನೆರಡು ದಿನ ಇದ್ದು, ಅಲ್ಲೇ ಹಳದಿ ಜ್ವರದ ಸೂಜಿ ಹಾಕಿಸಿಕೊಂಡು, ದೊಡ್ಡ ಹಡಗು ಹತ್ತುವುದು.

ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಪರದೇಶಕ್ಕೆ ಹೋಗುವವರ ಕೈಯಲ್ಲಿ ಪಾಸ್‌ಪೋರ್ಟಿನ ಜೊತೆ ಇನ್ನೊಂದು ಸಣ್ಣ ಹಳದಿ ಪುಸ್ತಕ ಇರಲೇಬೇಕಿತ್ತು. ಸಿಡುಬು ಬಾರದಂತೆ ತೋಳಿಗೆ ಗೀರಿ ದೇವಿ ಹಾಕಿಸಿದ್ದು ಯಾವಾಗ, ಎಂಟು ದಿನದ ಮೇಲೆ ಡಾಕ್ಟರು ನೋಡಿದಾಗ ಅಲ್ಲಿ ಗುಳ್ಳೆ ಎದ್ದಿತ್ತೋ ಇಲ್ಲವೋ, ಕಾಲರಾ ಸೂಜಿ ಯಾವಾಗ ಆಯಿತು, ಎಲ್ಲವನ್ನೂ ಇಂಗ್ಲಿಷಿನಲ್ಲಿ ಅದರಲ್ಲಿ ಬರೆದು ಮೊಹರು ಹಾಕಿಸಬೇಕು. ಇಲ್ಲದಿದ್ದರೆ ಬಂದರಿನಲ್ಲಿ ತಡೆಯುತ್ತಾರೆ. ನನ್ನವರ ಡಿಸ್ಪೆನ್ಸರಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಅವರ ಕೈ ಬಹಳ ಹಗುರ, ಸೂಜಿ ಚುಚ್ಚಿದ್ದೇ ತಿಳಿಯುತ್ತಿರಲಿಲ್ಲ. ಆದರೆ ಅವರ ಅಕ್ಷರ ಕಂಪೌಂಡರಿಗೂ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಹಳದಿ ಪುಸ್ತಕಗಳನ್ನು ಬರೆಯುವ ಕೆಲಸ ನನಗೆ ಬಂತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರು ಬೆರಳಗಂಟಿಗೆ ರೂಲುಕೋಲು ಮುಟ್ಟಿಸಿ ಕಲಿಸಿದ ಓರೆ ಅಕ್ಷರ ನನ್ನದು. ನಾನು ಬರೆದದ್ದಕ್ಕೆ ಅವರು ಸಹಿ ಹಾಕುತ್ತಿದ್ದರು. ಪುಸ್ತಕಗಳ ಕಟ್ಟು ಆರೋಗ್ಯ ಕಚೇರಿಗೆ ಹೋಗಿ ಮೊಹರಾಗಿ ಬರುತ್ತಿತ್ತು. ಪಕ್ಕದ ಮನೆಯ ಅಳಿಯ ಬಹರೈನಿಗೆ ಹೋಗುವಾಗ ಅವನ ಪುಸ್ತಕ ಬರೆದದ್ದೂ ನಾನೇ.

"ನಿನ್ನ ಅಕ್ಷರ ನೋಡಿದ್ರೆ ಮೊಹರಿನವನು ಎದ್ದು ನಿಂತು ಮೊಹರು ಹಾಕ್ತಾನೆ," ಎಂದು ನನ್ನವರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ನನಗೆ ಇಷ್ಟವಾಗುತ್ತಿತ್ತು. ಮನೆಕೆಲಸದ ನಡುವೆ, ಮಸಿಕುಡಿಕೆ ತೆರೆದು ಕುಳಿತ ಆ ಅರ್ಧ ಗಂಟೆಯಲ್ಲಿ, ನಾನು ಓದಿದ್ದು ಯಾರಿಗೋ ಉಪಯೋಗಕ್ಕೆ ಬಂತಲ್ಲ ಎನಿಸುತ್ತಿತ್ತು.

ಕಾಲರಾ ಸೂಜಿಗೆ ತಂಗಿಯ ಮನೆಯಲ್ಲಿ ಯಾರದೂ ಅಡ್ಡಿ ಇರಲಿಲ್ಲ. ತೊಂದರೆ ಇದ್ದದ್ದು ದೇವಿ ಹಾಕಿಸುವುದಕ್ಕೆ. ಆ ಮದ್ದನ್ನು ಆಗ ಕರುವಿನ ಮೈಯಲ್ಲಿ ಗೀರಿ, ಅಲ್ಲಿ ಎದ್ದ ಗುಳ್ಳೆಯಿಂದ ತೆಗೆಯುತ್ತಿದ್ದರು. ಬಾವಿಯ ನೀರಿನ ಜೀವವನ್ನು ಬಾವಿಗೇ ಬಿಡುವ ಮನೆಗಳಲ್ಲಿ ಅದನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಒಪ್ಪಿದವರೂ ಬಹಳ ಮಂದಿ ಇದ್ದರು, ಅದನ್ನು ಹೇಳಲೇಬೇಕು. ತಂಗಿಯ ಅತ್ತೆ ಮಾತ್ರ ಒಪ್ಪುವವರಲ್ಲ.

ನನಗೆ ಹಾಕಿಸಿದ್ದು ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಹತ್ತು ವರ್ಷದವಳನ್ನು ಯಾರು ಕೇಳುತ್ತಾರೆ? ಸಾಲಿನಲ್ಲಿ ನಿಲ್ಲಿಸಿದರು, ನಿಂತೆ. ರಜೆಯಲ್ಲಿ ಮನೆಗೆ ಬಂದಾಗ ಅಜ್ಜಿ ನನ್ನ ತೋಳಿನ ನಾಲ್ಕು ಗುಂಡು ಕಲೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೈಯಲಿಲ್ಲ. ಆ ದಿನ ಊಟ ಮಾಡಲಿಲ್ಲ, ಅಷ್ಟೇ. ಆದರೆ ತಂಗಿಯನ್ನು ಬೋರ್ಡಿಂಗಿಗೆ ಹಾಕುವ ಮಾತು ಅಲ್ಲಿಗೆ ನಿಂತಿತು. ಅವಳು ಬೆಳ್ತಂಗಡಿಯ ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ಕನ್ನಡದಲ್ಲಿ ಓದಿದಳು. ಅವಳಿಗೆ ಇಂಗ್ಲಿಷು ಬಾರದೆ ಹೋದದ್ದು ನನ್ನ ತೋಳಿನಿಂದಾಗಿ.

"ನಾನು ಮಾತಾಡಿ ಒಪ್ಪಿಸಿದೆ," ಎಂದು ನನ್ನವರು ಮೂಡಬಿದಿರೆಯಿಂದ ಬಂದು ಹೇಳಿದಾಗ ನನಗೆ ನಂಬಲಾಗದಷ್ಟು ಸಂತೋಷವಾಗಿತ್ತು. ಅವರು ಪ್ರತಿ ಶುಕ್ರವಾರ ಅಲ್ಲಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಮುಂದಿನ ಶುಕ್ರವಾರ ಫ್ಲಾಸ್ಕಿನಲ್ಲಿ ಐಸು ತುಂಬಿ ಮದ್ದಿನ ನಳಿಗೆಗಳನ್ನು ಒಯ್ದರು. ಸಂಜೆ ಫ್ಲಾಸ್ಕು ತೊಳೆಯುವಾಗ ಅಡಿಯಲ್ಲಿ ಎರಡು ಗಾಜಿನ ನಳಿಗೆಗಳು, ಹುಲ್ಲುಕಡ್ಡಿಯಷ್ಟು ಸಣ್ಣವು, ಒಡೆಯದೆ ಹಾಗೆಯೇ ಇದ್ದವು.

"ಹೆಚ್ಚಿಗೆ ತಂದಿದ್ದೆ," ಎಂದರು.

ಇನ್ನೊಂದು ಶುಕ್ರವಾರ ಹೋಗಿ ನೋಡಿ ಬಂದು, "ಇಬ್ಬರಿಗೂ ಚೆನ್ನಾಗಿ ಎದ್ದುಂಟು, ಬರೆ," ಎಂದರು. ನಾನು ತಾಯಿಯ ಪುಸ್ತಕದಲ್ಲೂ ಮಗುವಿನ ಪುಸ್ತಕದಲ್ಲೂ ತಾರೀಕು ಹಾಕಿ, ಮುಂದೆ ಯಶಸ್ವಿ ಎಂಬ ಅರ್ಥದ ಇಂಗ್ಲಿಷು ಪದವನ್ನು ಸಿಸ್ಟರಿಗೂ ಮೆಚ್ಚುಗೆಯಾಗುವ ಹಾಗೆ ಬರೆದೆ. ತಂಗಿಯ ಗಂಡನ ಕಂಪನಿಯವರು ಪ್ರಯಾಣದ ವಿಮೆಯ ಫಾರಮು ಒಂದನ್ನೂ ಕಳಿಸಿದ್ದರು. ದಾರಿಯಲ್ಲಿ ಕಾಯಿಲೆಯಾದರೆ, ಬಂದರಿನಲ್ಲಿ ತಡೆದು ಇರಿಸಿದರೆ, ಅದಕ್ಕಿಂತ ಕೆಟ್ಟದ್ದಾದರೆ ಅವರು ನೋಡಿಕೊಳ್ಳುತ್ತಾರೆ. ಆದರೆ ಪ್ರಯಾಣಿಕರೆಲ್ಲರಿಗೂ ದೇವಿ ಹಾಕಿಸಿರಬೇಕು, ಹೇಳಿದ್ದು ಸುಳ್ಳಾದರೆ ವಿಮೆಯೇ ಇಲ್ಲ. ಆ ಸಾಲನ್ನು ನಾನು ಗಟ್ಟಿಯಾಗಿ ಓದಿ ಹೇಳಿದೆ. ನನ್ನವರು ಚಾವಡಿಯಲ್ಲಿ ಕುಳಿತು ಉಗುರು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಹೌದು ಅಂತ ಬರೆ, ಬರೆ. ನಾಳೆ ಅಂಚೆಗೆ ಹಾಕುವ."

ಹೌದು ಎಂದು ಬರೆದೆ.

ಆ ದಿನ ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿದ್ದು ನಾನು. ಹೋಗುವ ಮಗು, ಒಮ್ಮೆ ನನ್ನ ಕೈಯಲ್ಲಿ ಆಗಲಿ ಎಂದು. ಅದರ ಎಡತೋಳಿಗೆ ಬಿಳಿಯ ಬಟ್ಟೆ ಸುತ್ತಿ ಕಟ್ಟಿತ್ತು. ದೇವಿ ಹಾಕಿದ ಹನ್ನೆರಡನೆಯ ದಿನ. ಒದ್ದೆಯಾಗಬಾರದೆಂದು ನಾನು ಆ ತೋಳನ್ನು ಎತ್ತಿ ಹಿಡಿದು, ಉಳಿದ ಮೈಗೆ ಮಾತ್ರ ನೀರು ಹಾಕುತ್ತಿದ್ದೆ. ಅದಕ್ಕೆ ಅದು ಆಟವಾಯಿತು. ಚೊಂಬು ಕಿತ್ತುಕೊಂಡು ತನ್ನ ತಲೆಗೆ ತಾನೇ ಸುರಿದುಕೊಂಡಿತು.

"ದೊಡ್ಡಮ್ಮ, ಮಳೆ!"

ಬಟ್ಟೆ ತೊಯ್ದುಹೋಯಿತು. ಒದ್ದೆ ಬಟ್ಟೆ ಇಟ್ಟರೆ ಕೀವಾದೀತೆಂದು ಬಿಚ್ಚಲು ಕುಳಿತೆ. ಹೊರಸುತ್ತಿನಲ್ಲಿ ಹಳದಿ ಕಲೆ ಇತ್ತು, ರಸಿಗೆ ಎಂದುಕೊಂಡೆ. ಎರಡನೆಯ ಸುತ್ತಿನಲ್ಲಿ ಕಲೆ ತೆಳುವಾಯಿತು. ಮೂರನೆಯದು ಅಚ್ಚಬಿಳಿ. ಒಳಗಿನಿಂದ ಬಂದ ಕಲೆಯಾದರೆ ಒಳಗೆ ಹೆಚ್ಚಿರಬೇಕಲ್ಲವೇ? ಬಟ್ಟೆ ಮೂಸಿ ನೋಡಿದೆ. ಅರಿಶಿನ. ಕೊನೆಯ ಸುತ್ತು ಬಿಚ್ಚಿದಾಗ ಮಗುವಿನ ತೋಳು ಸುಲಿದ ಬಾಳೆದಿಂಡಿನ ಹಾಗೆ ನುಣ್ಣಗಿತ್ತು. ಕಪ್ಪಗೆ ಹಕ್ಕಳೆ ಕಟ್ಟಿರಬೇಕಾದ ಜಾಗದಲ್ಲಿ ಒಂದು ಗೀರೂ ಇರಲಿಲ್ಲ.

ಹಿಂದಿನ ಸಂಜೆ ಮಗು ಬಸ್ಸಿನಿಂದ ಹಾರಿ ಇಳಿದದ್ದು, ಆ ತೋಳಿನ ಮೇಲೇ ಮಲಗಿ ನಿದ್ದೆ ಮಾಡಿದ್ದು, ಆಗ ನೆನಪಿಗೆ ಬಂತು. ನಾನು ನೋಡಿದ್ದೆ. ನೋಡಿಯೂ, ಗಟ್ಟಿ ಮಗು ಎಂದುಕೊಂಡಿದ್ದೆ.

ಮಗುವನ್ನು ಬೈರಾಸಿನಲ್ಲಿ ಸುತ್ತಿ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ತಂಗಿ ದಾರಿಗೆಂದು ಅವಲಕ್ಕಿ ಹುರಿದು ಡಬ್ಬಿಗೆ ತುಂಬುತ್ತಿದ್ದಳು. ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಕಂಡಳು. ಮಗುವಿನ ತೋಳನ್ನು ನೋಡಲೂ ಇಲ್ಲ.

"ಬಿಚ್ಚಿದ್ರಾ ಅಕ್ಕ?"

"ನಿನ್ನದು?"

ಅವಳು ಸುಮ್ಮನೆ ರವಿಕೆಯ ತೋಳು ಮೇಲೆ ಸರಿಸಿ, ತನ್ನ ಬಟ್ಟೆಯನ್ನು ಬಳೆ ತೆಗೆಯುವ ಹಾಗೆ ಜಾರಿಸಿ ತೆಗೆದಳು. ಅಲ್ಲೂ ಏನಿಲ್ಲ.

"ಅರಿಶಿನ ಹಚ್ಚು ಅಂತ ಯಾರು ಹೇಳಿದ್ದು?"

"ಭಾವ. ನಿಮ್ಮ ಅಕ್ಕನ ಕಣ್ಣು ಬಹಳ ಚುರುಕು, ಬರೀ ಬಿಳಿ ಬಟ್ಟೆ ಕಂಡ್ರೆ ಸಂಶಯ ಬರ್ತದೆ ಅಂದ್ರು."

"ನೀನಾದರೂ ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಬರೆಯುವುದಿಲ್ಲ ಅಂತ ಭಾವನಿಗೆ ಗೊತ್ತುಂಟು. ನನಗೆ ಗೊತ್ತಿಲ್ಲವಾ?" ಅವಳು ಡಬ್ಬಿಯ ಮುಚ್ಚಳ ಒತ್ತಿದಳು. "ಅತ್ತೆ ನನ್ನನ್ನು ಬಸದಿಗೆ ಕರ್ಕೊಂಡು ಹೋಗಿ ಪ್ರಮಾಣ ಮಾಡಿಸಿದ್ದಾರೆ ಅಕ್ಕ. ಮಗುವಿನ ಮೈಗೆ ಅದನ್ನು ಹಾಕಿಸಿದ್ರೆ ಹೋಗುವುದೇ ಬೇಡ ಅಂದ್ರು. ನಾಲ್ಕು ವರ್ಷ ಆಯ್ತು. ಇವಳು ಪಟಕ್ಕೆ ಟಾಟಾ ಮಾಡ್ತಾಳೆ. ನಾನು ಎಂತ ಮಾಡುವುದು?"

"ಸಿಡುಬು ಬಂದ್ರೆ?"

"ಬರುವುದಿಲ್ಲ. ದೇವರಿದ್ದಾರೆ."

"ಬೊಂಬಾಯಿಯಲ್ಲಾದರೂ ಹಾಕಿಸು. ಅತ್ತೆಗೆ ಹೇಗೆ ಗೊತ್ತಾಗ್ತದೆ?"

"ಆಯ್ತು ಅಕ್ಕ. ಹಾಕಿಸ್ತೇನೆ."

ಬಹಳ ಬೇಗ ಹೇಳಿದಳು. ಹಿಂದಿನ ಸಂಜೆ, ತೋಳು ಹೇಗುಂಟು ಎಂದು ಕೇಳಿದಾಗ, "ಈಗ ನೋವು ಕಡಿಮೆ ಅಕ್ಕ," ಎಂದದ್ದೂ ಇದೇ ಸ್ವರದಲ್ಲಿ. ಹಾಕಿಸುವುದಿಲ್ಲ ಎಂದು ನನಗೆ ಖಚಿತವಾಯಿತು.

ನನ್ನವರು ರೋಗಿಗಳನ್ನು ಮುಗಿಸಿ ಊಟಕ್ಕೆ ಬರುವವರೆಗೆ ಕಾದೆ. ಕಾಯುವಾಗ ನನ್ನ ತಲೆಯಲ್ಲಿದ್ದದ್ದು ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕೊಕ್ಕಡದ ಕಡೆಯ ಒಬ್ಬ ಕೃಷಿಕ ಮೈತುಂಬ ಸಿಡುಬೆದ್ದ ಮಗುವನ್ನು ಹೊದಿಕೆಯಲ್ಲಿ ಸುತ್ತಿ ನಮ್ಮ ಡಿಸ್ಪೆನ್ಸರಿಗೆ ತಂದಿದ್ದ. ತರುವಾಗಲೇ ತಡವಾಗಿತ್ತು. ಎಲ್ಲ ಮುಗಿದ ಮೇಲೆ ನನ್ನವರು ಒಳಗೆ ಬಂದು, ಕೈಯನ್ನು ಮತ್ತೆ ಮತ್ತೆ ತೊಳೆದು, ಅಡಿಗೆಮನೆಯ ಹೊಸ್ತಿಲಲ್ಲೇ ಕುಳಿತುಬಿಟ್ಟರು. "ಒಂದು ಗೀರು ಸಾಕಿತ್ತು," ಎಂದರು. "ಒಂದೇ ಒಂದು ಗೀರು." ನಾನು ಅವರನ್ನು ಅತಿ ಹೆಚ್ಚು ಗೌರವಿಸಿದ್ದು ಆ ದಿನ.

ಎಲೆ ಹಾಕಿ, ಅನ್ನ ಬಡಿಸಿ, ತೊಯ್ದ ಬಟ್ಟೆಯನ್ನು ಅವರ ಎದುರಿಗಿಟ್ಟೆ. ಅವರು ಅದನ್ನು ನೋಡಿದರು. ಒಂದು ತುತ್ತು ತಿಂದರು.

"ಗೊತ್ತಾಯ್ತಾ," ಎಂದರು.

"ಆ ಕೊಕ್ಕಡದ ಮಗು..." ಎಂದೆ.

"ಅದು ಬೇರೆ, ಇದು ಬೇರೆ. ಹಿರಿಯರ ಮನಸ್ಸು ನೋಯಿಸಿ ನಾವು ಸಾಧಿಸುವುದು ಎಂತ? ಮಗು ಅಪ್ಪನ ಮುಖ ನೋಡಬೇಕಾ ಬೇಡವಾ? ನೀನೇ ಹೇಳು."

"ಹಾಗಾದ್ರೆ ಈಗ ಹಾಕಿ. ನಾಲ್ಕು ಗಂಟೆಗೆ ಇನ್ನೂ ಹೊತ್ತುಂಟು."

"ಮದ್ದು ಎಲ್ಲಿ ಉಂಟು? ಮಂಗಳೂರಿನಿಂದ ಐಸಿನಲ್ಲಿ ಬರಬೇಕು."

"ಫ್ಲಾಸ್ಕಿನ ಅಡಿಯಲ್ಲಿ ಇದ್ದದ್ದು?"

"ಅದು ಆವತ್ತೇ ಹಾಳಾಯ್ತು. ನೀನೇ ಫ್ಲಾಸ್ಕು ತೊಳೆದೆಯಲ್ಲ." ಅವರು ಸಾರಿಗಾಗಿ ಅನ್ನದಲ್ಲಿ ಗುಳಿ ಮಾಡಿಕೊಂಡರು. "ನೋಡು, ನಿನ್ನ ಹತ್ತಿರ ನಾನು ಸುಳ್ಳು ಬರೆಸಲಿಲ್ಲ. ನೀನು ಸತ್ಯ ಅಂತ ನಂಬಿಯೇ ಬರೆದದ್ದು. ಪಾಪ ಇದ್ದರೆ ನನಗೆ. ಸ್ವಲ್ಪ ಸಾರು ಹಾಕು."

ನಾನು ಸಾರು ಹಾಕಿದೆ. ಇಂದಿಗೂ ಆ ಸೌಟು ನನ್ನ ಕೈಯಲ್ಲೇ ಇರುವ ಹಾಗೆ ಅನಿಸುತ್ತದೆ. ಅವರು ನನ್ನ ಮೇಲೆ ರೇಗಿದ್ದರೆ ಒಳ್ಳೆಯದಿತ್ತು. ನನ್ನ ನಂಬಿಕೆಯನ್ನು ಅವರು ಡಿಸ್ಪೆನ್ಸರಿಯ ಇನ್ನೊಂದು ಸಲಕರಣೆಯ ಹಾಗೆ, ಬೇಕಾದಾಗ ತೆಗೆದು ಬಳಸಿ ಒರೆಸಿ ಇಟ್ಟಿದ್ದರು. ಅದರಲ್ಲಿ ಅವರಿಗೆ ಯಾವ ತಪ್ಪೂ ಕಾಣಿಸಿರಲಿಲ್ಲ.

ಊಟವಾದ ಮೇಲೆ ಅವರು ಮಲಗಿದರು. ತಂಗಿ ಮಗುವಿಗೆ ಜಡೆ ಹಾಕುತ್ತಿದ್ದಳು. ನಾನು ಎರಡು ಹಳದಿ ಪುಸ್ತಕಗಳನ್ನೂ ಲೇಖನಿಯನ್ನೂ ತೆಗೆದುಕೊಂಡು ಕಿಟಕಿಯ ಹತ್ತಿರ ಕುಳಿತೆ. ನಾನು ಬರೆದ ಪದದ ಮೇಲೆ ಒಂದು ಗೆರೆ ಎಳೆದರೆ ಸಾಕಿತ್ತು. ತಂಗಿ ಅಲ್ಲಿಂದಲೇ ನೋಡಿದಳು.

"ಅಕ್ಕ, ನೀವು ಅದನ್ನು ಹೊಡೆದು ಹಾಕಿದ್ರೆ ನಾನು ಸಂಜೆ ಮೂಡಬಿದಿರೆಗೇ ವಾಪಸು ಹೋಗ್ತೇನೆ. ಇನ್ನು ನನ್ನನ್ನು ಯಾರೂ ಕಳಿಸುವುದಿಲ್ಲ."

ಅದು ನಿಜವಾಗಿತ್ತು. ನಾನು ಗೆರೆ ಎಳೆಯಲಿಲ್ಲ. ಪುಸ್ತಕದಲ್ಲಿ ಹಳದಿ ಜ್ವರದ ಪುಟ ಖಾಲಿ ಇತ್ತು. ಬೊಂಬಾಯಿಯಲ್ಲಿ ಸೂಜಿ ಹಾಕುವ ಡಾಕ್ಟರು ಆ ಪುಟವನ್ನು ತೆರೆಯಲೇಬೇಕು. ಒಂದು ಹಾಳೆ ತೆಗೆದು ಇಂಗ್ಲಿಷಿನಲ್ಲಿ ಬರೆದೆ: ಈ ತಾಯಿಗೂ ಮಗುವಿಗೂ ದೇವಿ ಹಾಕಿಸಿಯೇ ಇಲ್ಲ, ಹಿಂದಿನ ಪುಟದಲ್ಲಿ ಇರುವುದು ನಿಜವಲ್ಲ, ಅದನ್ನು ಬರೆದ ಕೈ ನನ್ನದೇ, ದಯವಿಟ್ಟು ತೋಳು ನೋಡಿ, ಇಬ್ಬರಿಗೂ ಹಾಕದೆ ಹಡಗು ಹತ್ತಲು ಬಿಡಬೇಡಿ. ಹಾಳೆಯನ್ನು ಮಡಚಿ ಮಗುವಿನ ಪುಸ್ತಕದ ಆ ಖಾಲಿ ಪುಟಕ್ಕೆ ಗುಂಡುಸೂಜಿಯಿಂದ ಸಿಕ್ಕಿಸಿದೆ.

"ಇದೆಂತ ಅಕ್ಕ?"

"ಡಾಕ್ಟರಿಗೆ ಒಂದು ಕಾಗದ. ಮಗುವಿಗೆ ನೋವಾಗದ ಹಾಗೆ ಸೂಜಿ ಹಾಕಲಿ ಅಂತ."

ಅವಳು ಕಾಗದವನ್ನು ಬಿಡಿಸಿ ನೋಡಿದಳು. ನನ್ನ ಓರೆ ಅಕ್ಷರದ ಮೇಲೆ ಕಣ್ಣಾಡಿಸಿದಳು. "ಎಷ್ಟು ಚಂದ ಬರೆಯುತ್ತೀರಿ," ಎಂದು ಹೇಳಿ, ಮೊದಲಿದ್ದ ಹಾಗೆಯೇ ಮಡಚಿ, ಜೋಪಾನವಾಗಿ ಸಿಕ್ಕಿಸಿದಳು. ನನ್ನ ಕೈಯನ್ನು ಹಿಡಿದುಕೊಂಡು ಒಂದು ಗಳಿಗೆ ಬಿಡಲಿಲ್ಲ. ಬೆಳಿಗ್ಗೆಯಿಂದ ತಡೆದಿದ್ದ ಅಳು ನನಗೆ ಬಂದದ್ದು ಆಗ. ಅವಳು ಅದನ್ನು ಅಗಲುವ ದುಃಖ ಎಂದುಕೊಂಡಳು.

ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಿದೆವು. ನನ್ನವರು ಟ್ರಂಕನ್ನು ತಾವೇ ಹೊತ್ತು ತಂದು ಬಸ್ಸಿನವನಿಗೆ ಕೊಟ್ಟರು. ಮಗು ಹಿಂದಿನ ಕಿಟಕಿಯಿಂದ ಕೈಬೀಸಿತು. ತಂಗಿ ಅದರ ತೋಳಿಗೆ ಮತ್ತೆ ಬಿಳಿ ಬಟ್ಟೆ ಕಟ್ಟಿದ್ದಳು. ಬಸ್ಸು ಬಿ.ಸಿ.ರೋಡಿನ ಕಡೆಗೆ ತಿರುಗುವವರೆಗೂ ಆ ಬಟ್ಟೆ ಕಾಣಿಸುತ್ತಿತ್ತು.

ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೊಂಬಾಯಿಯ ಆ ಸಂಬಂಧಿಕರಿಂದ ನನಗೆ ತಿಳಿದದ್ದು ಇಷ್ಟು: ಅಲ್ಲಿಯ ಡಾಕ್ಟರು ಕಾಗದ ಓದಿದರು. ಇಬ್ಬರಿಗೂ ಅಲ್ಲೇ ದೇವಿ ಹಾಕಿಸಿ ಹೊಸ ಪುಸ್ತಕ ಕೊಟ್ಟರಂತೆ. ಅವರ ಹಡಗು ತಪ್ಪಿತು. ಒಂದು ತಿಂಗಳು ಕಾದು ಬೇರೆ ಹಡಗಿನಲ್ಲಿ ಹೋದರು. ತಂಗಿ ಎರಡು ವರ್ಷ ನನಗೆ ಕಾಗದ ಬರೆಯಲಿಲ್ಲ. ಮತ್ತೆ ಬರೆದಾಗಲೂ ಆ ವಿಷಯ ಬರೆಯಲಿಲ್ಲ. ಆ ಡಾಕ್ಟರು ಯಾರಿಗೂ ದೂರು ಕೊಡಲಿಲ್ಲ. ಅದಕ್ಕೆ ಕೃತಜ್ಞಳಾಗಿರಬೇಕೋ ಬೇಡವೋ ನನಗೆ ಇನ್ನೂ ಗೊತ್ತಾಗಿಲ್ಲ. ಮಗುವಿನ ತೋಳಿನಲ್ಲಿ ಎರಡು ಕಲೆಗಳಿವೆ. ಅವಳು ಊರಿಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ.

ಆದರೆ ಆ ಸಂಜೆ ಇದೊಂದೂ ನನಗೆ ತಿಳಿದಿರಲಿಲ್ಲ. ಕಾಗದವನ್ನು ಡಾಕ್ಟರು ಓದಿಯಾರೋ, ಬಿಸಾಡಿಯಾರೋ ಎಂದು ಯೋಚಿಸುತ್ತಾ, ನಮ್ಮ ಕ್ರಮದಂತೆ ಹೊತ್ತು ಮುಳುಗುವ ಮೊದಲು ಅಡಿಗೆ ಮುಗಿಸಿದೆ. ನನ್ನವರು ಎಂದಿನ ಹಾಗೆ ಉಂಡು, ಪೇಪರು ಹಿಡಿದು ಕುಳಿತರು. ನನಗೆ ಅನ್ನ ಇಳಿಯಲಿಲ್ಲ. ಆದರೂ ಪಾತ್ರೆ ತೊಳೆಯುವಾಗ ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಇದನ್ನು ನನ್ನ ತಂಗಿಗಾಗಿ ಮಾಡಿದ್ದು. ನಮ್ಮ ಮನೆಯ ಹುಡುಗಿ, ಕಣ್ಣೀರು ನೋಡಲಾಗದೆ, ಒಂದೇ ಒಂದು ಸಲ. ಹಾಗೆ ಎಂದುಕೊಂಡಾಗ ಎದೆಯ ಭಾರ ಸ್ವಲ್ಪ ಕಡಿಮೆಯಾಯಿತು. ಕ್ಷಮಿಸಬಹುದೇನೋ ಎನಿಸಿತು.

ಪಕ್ಕದ ಮನೆಯ ಕೊಂಕಣಿ ಅಮ್ಮ ದಿನಾ ಆ ಹೊತ್ತಿಗೆ ಕರಿಬೇವಿಗೆ ಬರುವವರು. ಗಿಡ ನಮ್ಮ ಅಂಗಳದ್ದು, ಗೋಡೆ ಗಿಡ್ಡ; ಆಚೆಯಿಂದಲೇ ಕೈ ಚಾಚಿ ಗೆಲ್ಲು ಬಗ್ಗಿಸಿದರು.

"ತಂಗಿ ಹೋದ್ರಾ ಡಾಕ್ಟ್ರಮ್ಮ?"

"ಹೋದಳು."

"ಸುಖವಾಗಿ ಮುಟ್ಟಲಿ." ಅವರು ಎಲೆಗಳನ್ನು ಸೆರಗಿಗೆ ಉದುರಿಸಿಕೊಂಡರು. "ನಮ್ಮ ಮಗನಿಗೂ ಬಹರೈನಿನಿಂದ ಕಾಗದ ಬಂದುಂಟು. ಅವನ ಪುಸ್ತಕವನ್ನೂ ಒಮ್ಮೆ ಬರೆದುಕೊಡಿ, ಆಯ್ತಾ? ಸೂಜಿಗೀಜಿ ಎಲ್ಲ ಬೇಡ ಮಾರಾಯ್ರೆ, ಅವನು ಸೂಜಿ ಕಂಡ್ರೆ ತಲೆ ತಿರುಗಿ ಬೀಳ್ತಾನೆ. ಅಳಿಯನಿಗೆ ಸೂಜಿ ಇಲ್ಲದೆ ಬರೆದುಕೊಟ್ರಲ್ಲ, ಹಾಗೇ ಬರೆದ್ರೆ ಸಾಕು."